ಹದಿನೆಂಟನೇ ತಾರೀಖಿನ ಮಳೆ

"ಅಲ್ಲಾಡಿಸ್ಬೇಡಿ, ಚೆಲ್ಲುತ್ತೆ," ಎಂದರು ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ಓಂಕಾರಪ್ಪ.

ಪ್ರೇಮಕುಮಾರಿ ಬೇಲಿಯ ತಂತಿಯಿಂದ ಕೈ ತೆಗೆದಳು. ಬಂಗಲೆಯ ಮುಂದಿನ ಹುಲ್ಲಿನ ಮೂಲೆಯಲ್ಲಿ, ತಂತಿ ಸುತ್ತಿದ ಪುಟ್ಟ ಚೌಕದೊಳಗೆ ಮಳೆ ಅಳೆಯುವ ರೇನ್‌ಗೇಜ್ ಇತ್ತು. ಓಂಕಾರಪ್ಪ ಅದರ ಬಾಯಿಯ ಆಲಿಕೆ ಎತ್ತಿಟ್ಟು, ಒಳಗಿನ ಬಾಟಲಿ ತೆಗೆದು, ಇಂಚಿಗೆ ನೂರು ಸೆಂಟಿನ ಲೆಕ್ಕದಲ್ಲಿ ಗೀಟುಗಳಿದ್ದ ಗಾಜಿಗೆ ನೀರು ಬಗ್ಗಿಸಿದರು. ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. ಅರವತ್ತರ ಹತ್ತಿರದ ಕೈ. ಆದರೂ ನಡುಗಲಿಲ್ಲ.

ಬಂಗಲೆಯ ಜಗಲಿಯಿಂದ ಹೆಂಗಸಿನ ದನಿ ಕೇಳಿತು. "ಎಷ್ಟಾಯ್ತು ಓಂಕಾರಪ್ಪ?"

"ಎಂಬತ್ತೆರಡು ಸೆಂಟು, ಅಮ್ಮಾವ್ರೇ."

"ಕೆಳಗಿನ ತೋಟದವ್ರಿಗೆ?"

"ಒಂದಿಂಚು ದಾಟಿದೆ ಅಂತ ಅವ್ರ ಮೇಸ್ತ್ರಿ ಹೇಳ್ತಿದ್ದ."

"ಅವ್ರಿಗೆ ಯಾವತ್ತೂ ನಮಗಿಂತ ಜಾಸ್ತೀನೇ. ಬಾಟ್ಲಿಗೆ ಚೊಂಬಲ್ಲಿ ನೀರು ಹಾಕ್ಕೋತಾರೋ ಏನೋ! ಜೊತೇಲಿ ಯಾರದು?"

ಓಂಕಾರಪ್ಪ ಗಾಜಿನ ನೀರು ಚೆಲ್ಲಿದರು. "ಸ್ಕೂಲ್ ಟೀಚರು ಅಮ್ಮಾವ್ರೇ. ಮಕ್ಕಳಿಗೆ ಮಳೆ ಅಳೆಯೋ ಪಾಠ ಇದೆಯಂತೆ."

ತೋಟದ ಒಡತಿ ವಿಶಾಲಾಕ್ಷಮ್ಮ ಒಳಗೆ ಹೋದರು.

ಟೀಚರು ಎಂಬುದು ಸುಳ್ಳಲ್ಲ. ಪ್ರೇಮಕುಮಾರಿ ಕಳಸದ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಆದರೆ ಹೇಳದೆ ಬಿಟ್ಟ ಮಾತು ದೊಡ್ಡದು. ವಿಶಾಲಾಕ್ಷಮ್ಮನವರ ಗಂಡ ಶಾಂತವೀರಪ್ಪನವರನ್ನು ಕೊಂದ ಅಪರಾಧಕ್ಕೆ ಮೂರು ವರ್ಷದ ಹಿಂದೆ ಬೆಳಗಾವಿಯಲ್ಲಿ ಗಲ್ಲಿಗೇರಿದ, ಕೊಲೆಯ ಕಾಲಕ್ಕೆ ಇದೇ ತೋಟದಲ್ಲಿ ಸಂಸಾರ ಸಮೇತ ಕೆಲಸಕ್ಕಿದ್ದ ಮಾಜಿ ಸಬ್‌ಇನ್‌ಸ್ಪೆಕ್ಟರ್ ಗಂಗಾಧರಪ್ಪನ ಮಗಳು ಅವಳು.

ಅದನ್ನು ಈ ಮನುಷ್ಯ ಮುಚ್ಚಿದ್ದೇಕೆ? ಅವಳು ಮನಸ್ಸಿನಲ್ಲೇ ಒಂದು ಗುರುತು ಹಾಕಿಕೊಂಡಳು.

"ಬನ್ನಿ, ಆಫೀಸಿಗೆ ಹೋಗೋಣ. ಇಲ್ಲಿ ನಿಂತು ಮಾತಾಡೋದು ಬೇಡ," ಎಂದರು ಓಂಕಾರಪ್ಪ.

ಆಫೀಸು ಎಂದರೆ ಗೋದಾಮಿಗೆ ಅಂಟಿದ ಒಂದು ಕೋಣೆ. ಮೇಜು, ಬೀರು, ಮೂಲೆಯಲ್ಲಿ ಒಂದು ಮಂಚ, ಕಾಫಿ ಕಾಯಿಸುವ ಇದ್ದಿಲ ಒಲೆ. ಗೋಡೆಯಾಚೆಯ ಮೂಟೆಗಳಿಂದ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಹುಳಿ ವಾಸನೆ ಬರುತ್ತಿತ್ತು.

ಅವಳು ಕೇಳಲು ಬಂದದ್ದು ಜೀಪಿನ ವಿಷಯ. ಕೊಲೆಯಾದ ದಿನ, ಎಪ್ಪತ್ತಾರನೇ ಇಸವಿಯ ಮಾರ್ಚ್ ಹದಿನೆಂಟರ ಸಂಜೆ ಆರೂವರೆಗೆ, ಮೆಕ್ಯಾನಿಕ್ ಉಮರ್ ಫಾರೂಕನ ಜೀಪು ಈ ತೋಟದ ಗೇಟು ದಾಟಿ ಹೋಗಿತ್ತು. ಹಿಂದಿನ ಸೀಟಿನಲ್ಲಿ ಕಂಬಳಿ ಮುಸುಕು ಹಾಕಿದ ಒಬ್ಬರಿದ್ದರು ಎಂದು ಗೇಟಿನ ವಾಚರ್ ಸಾಕ್ಷಿ ಹೇಳಿದ್ದ. ಅದು ಗಂಗಾಧರಪ್ಪನೇ ಎಂದು ಕೋರ್ಟು ನಂಬಿತು. ಅಪ್ಪ 'ನಾನಲ್ಲ' ಎಂದ. ಮತ್ಯಾರು ಎಂದರೆ ಹೇಳಲಿಲ್ಲ. ಉಮರ್ 'ಗೊತ್ತಿಲ್ಲ' ಎಂಬುದರಾಚೆ ಬಾಯಿ ಬಿಡಲಿಲ್ಲ. ಸಹಾಯ ಮಾಡಿದನೆಂದು ಅವನಿಗೆ ಜೀವಾವಧಿಯಾಯಿತು.

ಈಗ ಉಮರ್ ಕ್ಷಯ ಹಿಡಿದು ಜೈಲಿನ ಆಸ್ಪತ್ರೆಯಲ್ಲಿ ಮಲಗಿದ್ದ. ಅಪ್ಪನನ್ನು ಇನ್ನು ಯಾರೂ ತರಲಾರರು. ಉಮರನನ್ನು ತರಬಹುದು. ಹೊಸ ಆಧಾರ ಒಂದೇ ಒಂದು ಸಿಕ್ಕರೆ ಸೋಮವಾರವೇ ಬಿಡುಗಡೆಯ ಅರ್ಜಿ ಹಾಕುತ್ತೇನೆ ಎಂದು ಮೂಡಿಗೆರೆಯ ವಕೀಲ ಹಬೀಬುರ್ರಹ್ಮಾನ್ ಸಾಹೇಬರು ಹೇಳಿದ್ದರು. ಇವತ್ತು ಶನಿವಾರ. ಗೇಟಿನಾಚೆ ಅದೇ ಜೀಪಿನಲ್ಲಿ ಉಮರನ ಹೆಂಡತಿ ಜೊಹರಾ ಕಾಯುತ್ತಿದ್ದಳು.

ಓಂಕಾರಪ್ಪ ಮಳೆ ಪುಸ್ತಕ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದರು. ಏಪ್ರಿಲ್ ಒಂಬತ್ತರ ಎದುರಿಗೆ, ಎಂಬತ್ತೆರಡು ಸೆಂಟ್.

ಪ್ರೇಮಕುಮಾರಿಯ ಕಣ್ಣು ಆ ನಿಬ್ಬಿನ ತುದಿಯಲ್ಲೇ ನಿಂತುಬಿಟ್ಟಿತು. ಜೀಪಿನ ಮಾತು ಮರೆತುಹೋಯಿತು.

"ರೈಟರ್ರೇ, ಈ ಮಳೆ ನಿನ್ನೆ ಸಂಜೆಯದ್ದಲ್ವಾ?"

"ಹೌದು. ಐದೂವರೆಗೆ ಹಿಡ್ಕೊಂಡಿದ್ದು ಏಳರ ತನಕ ಹೊಡೀತು."

ಅವಳಿಗೂ ಗೊತ್ತಿತ್ತು. ಆ ಮಳೆಗೆ ಸಿಕ್ಕಿಯೇ ಅವರ ಜೀಪು ಆಲ್ದೂರಿನ ಅಂಗಡಿಯೊಂದರ ಸೂರಿನಡಿ ಒಂದೂವರೆ ಗಂಟೆ ನಿಂತಿತ್ತು.

"ನಿನ್ನೆ ಎಂಟನೇ ತಾರೀಖು."

"ಹೌದು."

"ನೀವು ಒಂಬತ್ತಕ್ಕೆ ಬರೆದ್ರಿ."

"ಅಳೆದ ದಿನಕ್ಕೆ ಬರೆಯೋದು ಮಾರಾಯ್ತಿ. ಬೆಳಿಗ್ಗೆ ಎಂಟಕ್ಕೆ ಅಳೀತೀವಿ, ಆ ತಾರೀಖಿಗೇ ಹಾಕ್ತೀವಿ. ಹಿಂದಿನ ದಿನ ಸುರಿದಿದ್ದೆಲ್ಲ ಅದರಲ್ಲೇ ಬಂತು. ಬಿಳಿ ದೊರೆಗಳ ಕಾಲದಿಂದ್ಲೂ ಎಲ್ಲಾ ಎಸ್ಟೇಟಲ್ಲೂ ಹಾಗೇ..."

ಮಾತು ಅಲ್ಲೇ ನಿಂತಿತು. ಓಂಕಾರಪ್ಪ ಪೆನ್ನಿಗೆ ಮುಚ್ಚಳ ಹಾಕಿದರು. ಒಂದು ಸಲಕ್ಕೆ ಅದು ಕೂರಲಿಲ್ಲ.



ತೀರ್ಪಿನ ನಕಲನ್ನು ಪ್ರೇಮಕುಮಾರಿ ಎಷ್ಟು ಸಲ ಓದಿದ್ದಳೆಂದರೆ, ಅದರ ಸಾಲುಗಳು ಪಾಠದ ಪದ್ಯದ ಹಾಗೆ ತಾವಾಗಿಯೇ ಬರುತ್ತಿದ್ದವು. ಕೆರೆಯ ಪಕ್ಕದ ಪಂಪ್ ಷೆಡ್ಡಿನ ಬಾಗಿಲಲ್ಲಿ ಶಾಂತವೀರಪ್ಪನವರ ಶವ. ತಲೆಗೆ ಪೆಟ್ಟು. ಸುತ್ತ ಕೆಸರಿನಲ್ಲಿ ಅಪ್ಪನ ಹಳೆಯ ಪೊಲೀಸ್ ಬೂಟಿನ ಅಚ್ಚು, ಉಮರನ ಜೀಪಿನ ಟಯರಿನ ಅಚ್ಚು.

'ಅವು ಹಿಂದಿನ ದಿನದವು. ಹದಿನೇಳರ ಸಂಜೆ ಮಳೆಯಲ್ಲೇ ನಾವಿಬ್ಬರೂ ಪಂಪು ನೋಡಲು ಹೋಗಿದ್ದೆವು. ಹದಿನೆಂಟರ ಸಂಜೆ ನಾನು ಅತ್ತ ಕಾಲಿಟ್ಟಿಲ್ಲ,' ಎಂದಿದ್ದ ಅಪ್ಪ.

ಎಸ್ಟೇಟಿನ ಮಳೆ ಪುಸ್ತಕದ ನಕಲು ಬೇರೆಯೇ ಹೇಳಿತ್ತು. ಹದಿನೇಳಕ್ಕೆ ಸೊನ್ನೆ. ಹದಿನೆಂಟಕ್ಕೆ ಒಂದು ಇಂಚು ಹನ್ನೆರಡು ಸೆಂಟ್. ಡಿಸೆಂಬರಿನಿಂದ ಒಣಗಿ ಕಲ್ಲಾಗಿದ್ದ ನೆಲದಲ್ಲಿ ಹದಿನೇಳರಂದು ಅಚ್ಚು ಬೀಳುವುದು ಸಾಧ್ಯವಿಲ್ಲ. ಆದ್ದರಿಂದ ಆರೋಪಿ ಹೇಳಿದ್ದು ಸುಳ್ಳು. ಕಾನೂನು ಬಲ್ಲವನು, ತಿಳಿದೂ ತಿಳಿದೂ ಹೇಳಿದ ಸುಳ್ಳು.

ಆ ಒಂದು ಸುಳ್ಳಿನ ಮೇಲೆ ಉಳಿದದ್ದೆಲ್ಲ ನಿಂತಿತ್ತು. ಅದು ಸುಳ್ಳೇ ಆಗಿರಲಿಲ್ಲ.

"ಎಪ್ಪತ್ತಾರರ ಪುಸ್ತಕ ಕೊಡಿ," ಎಂದಳು.

"ಅದೆಲ್ಲಿ ಈಗ? ಗೆದ್ದಲು ಹಿಡಿದು ಹೋಯ್ತು."

ಬೀರುವಿನ ಗಾಜಿನ ಹಿಂದೆ ಮಳೆ ಪುಸ್ತಕಗಳು ಸಾಲಾಗಿ ನಿಂತಿದ್ದವು. ಎಪ್ಪತ್ತೈದರ ಪಕ್ಕಕ್ಕೆ ಎಪ್ಪತ್ತೇಳು. ಓಂಕಾರಪ್ಪನವರ ದೃಷ್ಟಿ ಬೀರುವಿನ ಕಡೆ ಹೋಗಲೇ ಇಲ್ಲ. ಮಂಚದ ಕೆಳಗಿನ ತಗಡಿನ ಟ್ರಂಕನ್ನು ಮುಟ್ಟಿ ವಾಪಸು ಬಂತು.

"ಜಾಣ ಗೆದ್ದಲು. ಆ ಕಡೆಯದ್ದು ಬಿಟ್ಟು, ಈ ಕಡೆಯದ್ದು ಬಿಟ್ಟು, ನಡುವಿನದೊಂದನ್ನೇ ಆರಿಸ್ಕೊಂಡು ತಿಂತಾ?"

"ಟೀಚರ್ರೇ, ದನಿ ತಗ್ಗಿಸಿ. ಅಮ್ಮಾವ್ರು ಇದಾರೆ."

"ಕೇಳ್ಲಿ ಬಿಡಿ. ಕೋರ್ಟಲ್ಲಿ ಸಾಕ್ಷಿ ಹೇಳಿದ್ದು ನೀವೇ ಅಲ್ವಾ? ಮಳೆಯಾಗಿದ್ದು ಹದಿನೆಂಟಕ್ಕೆ ಅಂತ?"

"ಹಾಗೆ ಹೇಳ್ಲಿಲ್ಲ! ಪುಸ್ತಕದಲ್ಲಿ ಹದಿನೆಂಟಕ್ಕೆ ಎಷ್ಟಿದೆ ಅಂತ ಕೇಳಿದ್ರು. ಒಂದು ಇಂಚು ಹನ್ನೆರಡು ಸೆಂಟ್ ಅಂದೆ. ಹದಿನೇಳಕ್ಕೆ? ಸೊನ್ನೆ ಅಂದೆ. ಸರಿ, ಹೋಗು ಅಂದ್ರು. ಯಾವಾಗ ಅಳೀತೀರಿ ಅಂತ ಆ ಬಯಲುಸೀಮೆ ಸರ್ಕಾರಿ ವಕೀಲ ಕೇಳ್ಲಿಲ್ಲ, ನಿಮ್ಮ ಕಡೆ ವಕೀಲನೂ ಕೇಳ್ಲಿಲ್ಲ. ಅವ್ರಿಗೆ ತಾರೀಖು ಅಂದ್ರೆ ತಾರೀಖು."

"ಕೂಲಿಯವ್ರು ಯಾರಿಗೂ ನೆನಪಿರ್ಲಿಲ್ವಾ?"

"ಕೇಸು ನಡೆದಿದ್ದು ಏಳು ತಿಂಗಳಾದ್ಮೇಲೆ. ಆ ವಾರ ನಾಲ್ಕು ಸಲ ಮೋಡ ಕಟ್ಟಿ ಹೋಗಿತ್ತು. ಯಾವ ಮಳೆ ಯಾವ ದಿನ ಅಂತ ಯಾರು ನೆನಪಿಟ್ಕೋತಾರೆ? ಪುಸ್ತಕದಲ್ಲಿ ಇದ್ದಿದ್ದೇ ದಿನ."

"ನಿಮಗೆ ಗೊತ್ತಿತ್ತು."

ಓಂಕಾರಪ್ಪ ಮಳೆ ಪುಸ್ತಕ ಮುಚ್ಚಿ ಪಕ್ಕಕ್ಕೆ ಸರಿಸಿದರು.

ಅವಳು ತನ್ನ ದನಿ ತಾನೇ ಕೇಳಿಸಿಕೊಳ್ಳುತ್ತಾ, ಒಂದೊಂದೇ ಮಾತು ಎತ್ತಿಟ್ಟಳು. "ಕೇಸು ಮುಗಿದ ವರ್ಷವೇ ನಿಮಗೆ ಕೂಲಿಗಳ ಲೈನ್ ಮನೆಯಿಂದ ಹೆಂಚಿನ ಕ್ವಾರ್ಟರ್ಸ್ ಸಿಕ್ತು. ನಿಮ್ಮ ಬಾಯಿ ಮುಚ್ಚಿಸಿದ್ದು ವಿಶಾಲಾಕ್ಷಮ್ಮನವರಾ?"

"ಥೂ!" ಓಂಕಾರಪ್ಪ ಎದ್ದು ನಿಂತರು. ಕುರ್ಚಿ ಗೋಡೆಗೆ ಬಡಿಯಿತು. "ಆಯಮ್ಮನಿಗೆ ಇವತ್ತಿನವರೆಗೂ ಇದು ಗೊತ್ತಿಲ್ಲ. ಕ್ವಾರ್ಟರ್ಸ್ ಕೊಟ್ಟಿದ್ದು ಲೈನ್ ಮನೆ ಸೂರು ಬಿದ್ದು ನನ್ನ ಹೆಂಡತಿ ಕಾಲು ಮುರೀತು ಅಂತ. ನನ್ನ ಬಾಯಿ ಮುಚ್ಚಿಸಿದ್ದು ನಿಮ್ಮಪ್ಪ."

ಗೋದಾಮಿನಲ್ಲಿ ಯಾರೋ ಮೂಟೆ ಇಳಿಸಿದ ಸದ್ದಾಯಿತು.

"ಏನಂದ್ರಿ?"

"ಕೂತ್ಕೋ ಮಗಳೇ." ಬಹುವಚನ ಬಿದ್ದುಹೋಗಿತ್ತು. ಚಿಕ್ಕವಳಿದ್ದಾಗ ಕರೆಯುತ್ತಿದ್ದ ಹಾಗೆಯೇ ಕರೆದಿದ್ದರು. "ಸಾಕ್ಷಿ ಹೇಳೋ ದಿನ ಕೋರ್ಟಿನ ಜಗಲೀಲಿ ಕೂತಿದ್ದೆ. ಕೈಕೋಳ ಹಾಕಿ ಕರ್ಕೊಂಡು ಬಂದ್ರು. ಜೊತೆಗಿದ್ದ ಪೇದೆ ಮೊದಲು ನಿಮ್ಮಪ್ಪನ ಕೈಕೆಳಗೇ ಇದ್ದವ್ನು. ತಲೆ ತಗ್ಗಿಸಿ ನಾಲ್ಕು ಹೆಜ್ಜೆ ದೂರ ನಿಂತ. ನಾನೇ ಹೋಗಿ ಹೇಳಿದೆ. 'ಸಾರ್, ಬೆಳಿಗ್ಗೆ ಅಳೆಯೋ ವಿಷ್ಯ ಜಡ್ಜ್ ಸಾಹೇಬ್ರಿಗೆ ಹೇಳ್ಬಿಡ್ತೀನಿ, ಪುಸ್ತಕಾನೂ ತಂದಿದೀನಿ, ನೀವು ಬಚಾವು' ಅಂತ."

"ಅಪ್ಪ ಏನಂದ್ರು?"

"ಬೇಡ ಅಂದ್ರು. 'ಪುಸ್ತಕ ಹೊರಗೆ ತೆಗೀಬೇಡ ಓಂಕಾರಪ್ಪ. ನಕಲು ಇದೆಯಲ್ಲ, ಸಾಕು. ಕೇಳಿದ್ದಕ್ಕಷ್ಟೇ ಹೇಳು.' ನಂಗೆ ತಲೆ ಕೆಟ್ಟಂಗಾಯ್ತು. ಗಲ್ಲು ಆಗುತ್ತೆ ಸಾರ್ ಅಂದೆ. ಕೈ ಮುಗಿದ್ರು."

ಓಂಕಾರಪ್ಪ ತಮ್ಮ ಎರಡು ಮಣಿಕಟ್ಟುಗಳನ್ನು ಒಂದಕ್ಕೊಂದು ತಾಗಿಸಿ ತೋರಿಸಿದರು.

"ಠಾಣೇಲಿದ್ದಾಗ ಒಂದ್ಸಲ ನನ್ನ ಕೆನ್ನೆಗೆ ಹೊಡೆದಿದ್ರು, ಗೊತ್ತಾ? ಸೈಕಲ್ಲಿಗೆ ಲೈಟಿಲ್ಲ ಅಂತ. ಅಂಥ ಮನುಷ್ಯ. ಕೈಕೋಳ ಹಾಕಿದ್ರೆ ಕೈ ಮುಗಿಯೋದು ಸಲೀಸು ಮಗಳೇ, ಎರಡೂ ಹತ್ತಿರವೇ ಇರುತ್ತೆ. ಆದ್ರೂ ಅವ್ರು ಎಷ್ಟು ಕಷ್ಟಪಟ್ಟು ಮುಗಿದ್ರು ಅಂತ ನಾನು ನೋಡಿದೀನಿ."

ಪ್ರೇಮಕುಮಾರಿಯ ಕೈಚೀಲದಲ್ಲಿ ಅಪ್ಪನ ಕೊನೆಯ ಕಾಗದವಿತ್ತು. ಜೈಲಿನ ಮುದ್ರೆ ಬಿದ್ದ ಒಂದೇ ಹಾಳೆ. 'ಅಮ್ಮನನ್ನು ನೋಡಿಕೋ. ಹಳೆಯದು ಯಾವುದನ್ನೂ ಕೇಳಬೇಡ.' ಗಂಡನನ್ನು ಕಳೆದುಕೊಳ್ಳಲಿದ್ದವಳ ಮೇಲಿನ ಮರುಕ ಎಂದು ಓದಿದ್ದಳು. ಮೂರು ವರ್ಷ ಹಾಗೆಯೇ ಓದಿದ್ದಳು.

"ಯಾಕೆ? ಪುಸ್ತಕದಲ್ಲಿ ಇನ್ನೇನಿತ್ತು?"

ಓಂಕಾರಪ್ಪ ಮಂಡಿಯೂರಿ ಟ್ರಂಕು ಎಳೆದರು. ಹಳೆಯ ಕಂಬಳಿಯ ಅಡಿಯಿಂದ ಕೆಂಪು ಬೆನ್ನಿನ ಪುಸ್ತಕ ಹೊರಬಂತು. ಗೆದ್ದಲಿನ ಒಂದು ತೂತೂ ಇರಲಿಲ್ಲ.

"ಆ ವಾರ ನಾನು ಊರಲ್ಲಿರ್ಲಿಲ್ಲ. ಸಂಸೆ ಊರಲ್ಲಿ ತಂಗಿ ಮಗುವಿನ ನಾಮಕರಣ. ಹತ್ತೊಂಬತ್ತರ ಬೆಳಗಿನ ಜಾವಕ್ಕೆ ವಾಪಸು ಬಂದೆ. ನಾನಿಲ್ದಾಗ ನಿಮ್ಮಪ್ಪನೇ ಅಳೀತಿದ್ರು. ಎಂಟು ಅಂದ್ರೆ ಎಂಟು, ಒಂದು ನಿಮಿಷ ಆಚೀಚೆ ಇಲ್ಲ. ಆದ್ರೆ ಹದಿನೆಂಟರ ಬೆಳಿಗ್ಗೆ ಆರಕ್ಕೇ ಅವ್ರು ಉಮರನ ಜೊತೆ ಪಂಪಿನ ಬೇರಿಂಗ್ ತರೋಕೆ ಚಿಕ್ಕಮಗಳೂರಿಗೆ ಹೋಗಿದ್ರು. ಬಂದಿದ್ದು ಮಧ್ಯಾಹ್ನ. ಅದನ್ನ ಕೋರ್ಟೂ ಒಪ್ಪಿದೆ."

"ಹಾಗಾದ್ರೆ ಎಂಟಕ್ಕೆ ಅಳೆದದ್ದು ಯಾರು?"

"ನನ್ನ ಬಾಯಲ್ಲಿ ಹೇಳಿಸ್ಬೇಡ. ನೋಡು."

ಮಾರ್ಚ್ ತಿಂಗಳ ಪುಟ. ಹದಿನಾರು, ಹದಿನೇಳು: ಅಪ್ಪನ ನೆಟ್ಟನೆಯ ಇಂಗ್ಲಿಷ್ ಸೊನ್ನೆಗಳು. ಹತ್ತೊಂಬತ್ತು: ಓಂಕಾರಪ್ಪನವರ ದುಂಡು ಸೊನ್ನೆ. ಹದಿನೆಂಟರ ಸಂಜೆ ನಿಜಕ್ಕೂ ಮಳೆಯಾಗಿದ್ದರೆ ಈ ಹತ್ತೊಂಬತ್ತರ ಸಾಲಿನಲ್ಲಿ ಇರಬೇಕಿತ್ತು. ಇರಲಿಲ್ಲ. ಅಪ್ಪ ನಿಜ ಹೇಳಿದ್ದ. ಅದನ್ನು ಸಾಬೀತು ಮಾಡಲು ಈ ಒಂದು ಪುಟ ಸಾಕಿತ್ತು.

ಅವೆರಡರ ನಡುವೆ, ಹದಿನೆಂಟರ ಎದುರಿಗೆ, ಪೆನ್ಸಿಲಿನಲ್ಲಿ, ಕನ್ನಡದ ಅಂಕಿಗಳು. ೧-೧೨.

ಆ ೨ರ ಬಾಲ ಕೆಳಕ್ಕೆ ಇಳಿದು, ಮುಂದೆ ಒಂದು ಚುಕ್ಕೆಯಾಗಿ ನಿಂತಿತ್ತು.

ಕಳಸದ ಮನೆಯ ಅಡುಗೆಮನೆಯ ಗೋಡೆಯಲ್ಲಿ ಅಂಥದ್ದೇ ೨ ಇನ್ನೂ ಇದೆ. ಜೈಲಿನಿಂದ ಕಾಗದ ಬಂದ ತಾರೀಖುಗಳನ್ನು ಅಮ್ಮ ಇದ್ದಿಲಿನಲ್ಲಿ ಅಲ್ಲಿ ಬರೆಯುತ್ತಿದ್ದಳು. ಹನ್ನೆರಡು, ಇಪ್ಪತ್ತೆರಡು. ಪ್ರತಿ ೨ಕ್ಕೂ ಅದೇ ಬಾಲ, ಅದೇ ಚುಕ್ಕೆ. ಅಪ್ಪ ಹೋದ ಮೇಲೂ ಅವಳು ಸುಣ್ಣ ಹೊಡೆಯಲು ಬಿಟ್ಟಿರಲಿಲ್ಲ.

ಅಮ್ಮ, ಕಲ್ಲಮ್ಮ, ಆ ವಾರವೆಲ್ಲ ಬೀರೂರಿನಲ್ಲಿ ಅಕ್ಕ ಸರೋಜಮ್ಮನ ಮನೆಯಲ್ಲಿದ್ದೆ ಎಂದು ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದಳು. ಹದಿನೈದರಿಂದ ಇಪ್ಪತ್ತೊಂದರವರೆಗೆ. ಸರೋಜಮ್ಮನೂ ಹೌದೆಂದಿದ್ದಳು. ಕಾಲೇಜಿನ ಹಾಸ್ಟೆಲಿನಲ್ಲಿದ್ದ ಪ್ರೇಮಕುಮಾರಿಗೆ ಅದನ್ನು ನಂಬದಿರಲು ಕಾರಣವೇ ಇರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಮುಚ್ಚಿಡುವಂಥದ್ದು ಏನೂ ನಡೆದಿರಲಿಲ್ಲ. ಅದಕ್ಕೇ ಅಮ್ಮ, ಗಂಡ ಹೇಳಿಹೋದ ಕೆಲಸವನ್ನು ಗಂಟೆಗೆ ಸರಿಯಾಗಿ ಮಾಡಿ, ತನಗೆ ಬರುವ ಅಂಕಿಯಲ್ಲಿ ಬರೆದಿಟ್ಟಿದ್ದಳು. ಸಂಜೆ ನಡೆದದ್ದು ನಡೆದ ಮೇಲೆ, ಹೇಳಿಕೆಯಲ್ಲಿ ಅವಳು ಮೂರು ದಿನದಿಂದ ಬೀರೂರಿನಲ್ಲೇ ಇದ್ದವಳಾದಳು.

"ಬಂದ ದಿನವೇ ನೋಡಿದೆ," ಎಂದರು ಓಂಕಾರಪ್ಪ. "ನಕಲು ಮಾಡುವಾಗ ನನ್ನ ಕೈಯಲ್ಲೇ ಇಂಗ್ಲಿಷಲ್ಲಿ ಬರೆದುಕೊಟ್ಟೆ. ತಪ್ಪು ಅನ್ನಿಸ್ಲಿಲ್ಲ. ಕೋರ್ಟಲ್ಲಿ ಅವ್ರು ಕೈ ಮುಗಿದಾಗ ಅರ್ಥ ಆಯ್ತು."

"ಯಾಕೆ ಸುಡಲಿಲ್ಲ?"

"ಎರಡು ಸಲ ಒಲೆ ಹತ್ತಿರ ತಗೊಂಡು ಹೋದೆ. ಉಮರ್ ಇನ್ನೂ ಒಳಗಿದಾನಲ್ಲ ಅನ್ನಿಸ್ತು." ಅವರು ಪುಸ್ತಕವನ್ನು ಅವಳ ಮುಂದೆ ತಳ್ಳಿದರು. "ಒಲೇಲಿ ಕೆಂಡ ಇದೆ. ಬಾಗಿಲೂ ತೆಗೆದೇ ಇದೆ. ನಾನು ಗೋದಾಮಿಗೆ ಹೋಗಿ ಬರ್ತೀನಿ. ವಾಪಸು ಬಂದಾಗ ಪುಸ್ತಕ ಇಲ್ಲಿರ್ಬಾರ್ದು. ಅಷ್ಟೇ."

ಅವಳು ಎಷ್ಟು ಹೊತ್ತು ಕುಳಿತಿದ್ದಳೋ. ಕೆಂಡದ ಮೇಲೆ ಬೂದಿ ಕಟ್ಟುತ್ತಿತ್ತು.

ಗೇಟಿನವರೆಗಿನ ದಾರಿಯ ಎರಡೂ ಕಡೆ ಕಾಫಿ ಗಿಡಗಳ ಮೊಗ್ಗುಗಳು ನಿನ್ನೆಯ ಮಳೆಗೆ ಊದಿಕೊಂಡಿದ್ದವು. ಇನ್ನು ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಅವಳು ಸೆರಗಿನೊಳಗೆ ಪುಸ್ತಕ ಅವಚಿಕೊಂಡು ನಡೆದಳು.

ಸಿಲ್ವರ್ ಓಕ್ ಮರದ ಕೆಳಗೆ ಜೀಪಿನ ಬಾನೆಟ್ ಎತ್ತಿತ್ತು. ಉಮರನ ತಮ್ಮ ಗುಲಾಮ್ ಮುಸ್ತಫಾ ರೇಡಿಯೇಟರಿಗೆ ನೀರು ಹಾಕುತ್ತಿದ್ದ. ಕೇಸು ಮುಗಿಯುವವರೆಗೆ ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿದು ಬಂದ ಜೀಪು, ಹತ್ತು ಮೈಲಿಗೊಮ್ಮೆ ನೀರು ಕೇಳುತ್ತಿತ್ತು.

ಜೊಹರಾ ಹಿಂದಿನ ಸೀಟಿನಿಂದ ಬಗ್ಗಿ ನೋಡಿದಳು. "ಸಿಕ್ತಾ ಪ್ರೇಮಾ?"

"ಸಿಕ್ತು ಜೊಹರಕ್ಕ."

ಪಕ್ಕದಲ್ಲಿ ಕುಳಿತು ಅವಳು ಪುಟ ತೆರೆದು ತೋರಿಸಿದಳು. ಬೆಳಿಗ್ಗೆ ಎಂಟರ ಅಳತೆ, ಹದಿನೇಳರ ಮಳೆ, ಹತ್ತೊಂಬತ್ತರ ಸೊನ್ನೆ. ನಾಲ್ಕೇ ಮಾತಿನಲ್ಲಿ ಮುಗಿಯಿತು. ಜೊಹರಾ ಕುಣಿಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದಳು. ಜೊಹರಾಳ ಬೆರಳು ಸಾಲಿನಿಂದ ಸಾಲಿಗೆ ಇಳಿದು ಪೆನ್ಸಿಲಿನ ಅಂಕಿಯ ಮೇಲೆ ನಿಂತಿತು.

"ಇದೊಂದು ಬೇರೆ ಕೈ. ಯಾರದು?"

ವಕೀಲರೂ ಮೊದಲು ಇದನ್ನೇ ಕೇಳುತ್ತಾರೆ. 'ಗೊತ್ತಿಲ್ಲ' ಎಂಬ ಮಾತು ಪ್ರೇಮಕುಮಾರಿಯ ನಾಲಿಗೆಯ ಮೇಲೇ ಇತ್ತು. ಏಳು ವರ್ಷ ಉಮರ್ ಹೇಳಿದ್ದೂ ಅದೇ ಮಾತು.

"ನಮ್ಮಮ್ಮಂದು."

ಜೊಹರಾ ಪುಸ್ತಕ ಮುಚ್ಚಿದಳು. ಮುಚ್ಚಿ, ಎರಡೂ ಅಂಗೈಯನ್ನು ಅದರ ಮೇಲಿಟ್ಟಳು. ಅವಳ ಕಣ್ಣುಗಳು ತುಂಬಿದ್ದವು.

"ಇದನ್ನ ನಿನ್ನ ಬಾಯಲ್ಲಿ ಕೇಳೋಕೆ ಎಷ್ಟು ದಿನ ಕಾದೆ ಗೊತ್ತಾ?"

"ಅಂದ್ರೆ?"

"ಜೀಪಲ್ಲಿ ಕಂಬಳಿ ಹೊದ್ದು ಕೂತಿದ್ದು ನಿಮ್ಮಮ್ಮ. ಬೀರೂರಿಗೆ ಬಿಟ್ಟು ಬಂದದ್ದು ನಮ್ಮವ್ರು. ಯಾರಿಗೂ ಹೇಳಲ್ಲ ಅಂತ ನಿಮ್ಮಪ್ಪನಿಗೆ ಮಾತು ಕೊಟ್ಟಿದ್ರಂತೆ. ಮೊದಲನೇ ಸಲ ಜೈಲಲ್ಲಿ ನೋಡೋಕೆ ಹೋದಾಗ ನನ್ನ ಕೈಲೂ ಆಣೆ ಹಾಕಿಸ್ಕೊಂಡ್ರು."

"ಎಲ್ಲಾ ಗೊತ್ತಿದ್ದೂ ನನ್ನ ಜೊತೆ ಊರೂರು ತಿರುಗಿದ್ಯಾ?"

"ನಾನು ಹೇಳ್ಬಾರ್ದು ಅಂತ ಆಣೆ. ನೀನು ಕಂಡುಹಿಡೀಬಾರ್ದು ಅಂತ ಅಲ್ಲ."

ಪ್ರೇಮಕುಮಾರಿ ಜೀಪಿನ ಕಬ್ಬಿಣದ ಸಲಾಕೆ ಹಿಡಿದುಕೊಂಡಳು. ಅದು ತಣ್ಣಗಿತ್ತು. "ಅಮ್ಮ ದಾರೀಲಿ ಏನಾದ್ರೂ ಹೇಳಿದ್ರಂತಾ?"

ಜೊಹರಾ ಮೈದುನನ ಕಡೆ ಒಮ್ಮೆ ನೋಡಿ, ದನಿ ಇಳಿಸಿದಳು.

"ಒಂದೇ ಮಾತಂತೆ. ಬೀರೂರು ಬರೋವರೆಗೂ ಅದನ್ನೇ ಹೇಳ್ತಾ ಇದ್ರಂತೆ. 'ನಾನು ಅಲ್ಲಿಂದ ಬರುವಾಗ ಶಾಂತವೀರಪ್ಪನವ್ರು ಇನ್ನೂ ಉಸಿರಾಡ್ತಿದ್ರು. ಇವ್ರು ನೋಡ್ಕೋತೀನಿ, ನೀನು ಹೋಗು ಅಂದ್ರು' ಅಂತ."

ಇವರು ಎಂದರೆ ಅಪ್ಪ. ಹದಿನೆಂಟರ ಸಂಜೆ ಅತ್ತ ಕಾಲಿಟ್ಟಿಲ್ಲ ಎಂದಿದ್ದ ಅಪ್ಪ.

ಮುಸ್ತಫಾ ಬಾನೆಟ್ ಬಡಿದು ಮುಚ್ಚಿದ. ಕೈ ಒರೆಸಿಕೊಂಡು ಬಂದು ಸ್ಟಿಯರಿಂಗಿನ ಹಿಂದೆ ಕುಳಿತ. ಜೀಪು ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹಿಡಿಯಿತು.

"ಆಲ್ದೂರಿಂದ ಯಾವ ಕಡೆ ತಿರುಗಿಸ್ಲಿ ಅಕ್ಕ?" ಎಂದು ಕೇಳಿದ ಅವನು, ಹಿಂದಕ್ಕೆ ತಿರುಗದೆ. "ಮೂಡಿಗೆರೆಗೆ, ವಕೀಲರ ಹತ್ರಾನಾ? ಇಲ್ಲ ಕಳಸಕ್ಕೆ, ನಿಮ್ಮಮ್ಮನ ಹತ್ರಾನಾ?"